ಹಲವು ದೇಶಕ್ಕೆ ಒಂದು ವೀಸಾ: ಬಾದನಹಟ್ಟಿಯ ರೈತರ ಮನೆಗೆ ಗೊತ್ತಿರಬೇಕಾದದ್ದು

ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಭತ್ತ, ಮೆಣಸಿನಕಾಯಿ ಬೆಳೆಯುವ ಮನೆಯ ಮಕ್ಕಳು ಯುರೋಪಿನಲ್ಲಿ ಕೆಲಸಕ್ಕೆ ಸೇರುವುದು ಈಗ ಅಪರೂಪವಲ್ಲ. ಸುಗ್ಗಿ ಮುಗಿದ ಮೇಲೆ ಅಪ್ಪ, ಅವ್ವನನ್ನು ಕರೆಸಿಕೊಂಡು ಮೂರ್ನಾಲ್ಕು ದೇಶ ತೋರಿಸಬೇಕೆಂಬ ಆಸೆ ಆ ಮಕ್ಕಳಿಗೆ. ಅರ್ಜಿ ಹಾಕುವ ಮೊದಲೇ ಊರಿನವರ ಮಾತು, ಏಜೆಂಟರ ಮಾತು ಕಿವಿಗೆ ಬೀಳುತ್ತವೆ. ಅದರಲ್ಲಿ ಬಹಳಷ್ಟು ತಪ್ಪು, ಕೆಲವಂತೂ ಹಾನಿ ಮಾಡುವಂಥವು.

ತಪ್ಪು ಕಲ್ಪನೆ: ದೇಶಕ್ಕೊಂದು ವೀಸಾ ಬೇಕು.
ಇಲ್ಲ. ಷೆಂಗೆನ್ ಒಪ್ಪಂದದಡಿ 29 ದೇಶಗಳಿಗೆ ಒಂದೇ ವೀಸಾ ಸಾಕು. ಯುರೋಪಿಯನ್ ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್ಲೆಂಡ್, ನಾರ್ವೆಯೂ ಇದರಲ್ಲಿವೆ. ಒಕ್ಕೂಟದಲ್ಲಿದ್ದರೂ ಐರ್ಲೆಂಡ್ ಇದರಲ್ಲಿಲ್ಲ. ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು, ಅದೂ ಎಲ್ಲ ದೇಶಗಳೂ ಸೇರಿ. ವೀಸಾ ಸ್ಟಿಕರ್ ಮೇಲೆ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ ಲೆಕ್ಕ.

ತಪ್ಪು ಕಲ್ಪನೆ: ಬೇಗ ವೀಸಾ ಕೊಡುವ ದೇಶಕ್ಕೆ ಅರ್ಜಿ ಹಾಕಿ, ಆಮೇಲೆ ಬೇಕಾದಲ್ಲಿ ತಿರುಗಬಹುದು.
ಏಜೆಂಟರು ಹೆಚ್ಚು ಮಾರುವ ಸಲಹೆ ಇದೇ, ಹೆಚ್ಚು ಕೆಡಿಸುವುದೂ ಇದೇ. ಪ್ರವಾಸದ ಮುಖ್ಯ ಉದ್ದೇಶ ಎಲ್ಲಿದೆ, ಎಲ್ಲಿ ಹೆಚ್ಚು ದಿನ ಇರುತ್ತೀರಿ, ಆ ದೇಶಕ್ಕೇ ಅರ್ಜಿ ಹಾಕಬೇಕು. ಮಗನ ಮನೆ ಜರ್ಮನಿಯಲ್ಲಿದೆ, ಅಲ್ಲಿ 12 ದಿನ, ಪ್ಯಾರಿಸ್‌ನಲ್ಲಿ 3, ಸ್ವಿಟ್ಜರ್ಲೆಂಡ್‌ನಲ್ಲಿ 3 ಎಂದಿಟ್ಟುಕೊಳ್ಳಿ. ವಿಮಾನ ಮೊದಲು ಪ್ಯಾರಿಸ್‌ನಲ್ಲಿ ಇಳಿದರೂ ಅರ್ಜಿ ಜರ್ಮನಿಗೇ. ಎಲ್ಲ ಕಡೆಯೂ ಸಮ ದಿನಗಳಾದರೆ ಮಾತ್ರ ಮೊದಲು ಕಾಲಿಡುವ ದೇಶ. ವೀಸಾ ಕೊಟ್ಟ ದೇಶದಲ್ಲೇ ಮೊದಲು ಇಳಿಯಬೇಕು ಎಂಬುದೂ ಸುಳ್ಳು. ಆದರೆ ಬೇರೆ ದೇಶದ ಹೆಸರು ಹೇಳಿ ವೀಸಾ ಪಡೆದದ್ದು ಗಡಿಯಲ್ಲಿ ಗೊತ್ತಾದರೆ ಅಲ್ಲಿಂದಲೇ ವಾಪಸ್ ಕಳಿಸಬಹುದು, ವೀಸಾವನ್ನೇ ರದ್ದು ಮಾಡಬಹುದು.

ತಪ್ಪು ಕಲ್ಪನೆ: ಅದೇ ವೀಸಾದಲ್ಲಿ ಲಂಡನ್‌ಗೂ ಹೋಗಿ ಬರಬಹುದು.
ಲಂಡನ್‌ನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪುತ್ಥಳಿ ಇದೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರು ಅದಕ್ಕಾಗಿ ಓಡಾಡಿದವರು. 2015ರ ನವೆಂಬರ್ 14ರಂದು ಅನಾವರಣವಾಯಿತು. ನಮ್ಮ ಭಾಗದ ಹಿರಿಯರಿಗೆ ಐಫೆಲ್ ಗೋಪುರಕ್ಕಿಂತ ಅದನ್ನು ನೋಡುವ ಹಂಬಲವೇ ಹೆಚ್ಚು, ಅದು ಸಹಜವೂ ಹೌದು. ಆದರೆ ಬ್ರಿಟನ್‌ಗೆ ಬೇರೆಯೇ ವೀಸಾ ಬೇಕು. ಇನ್ನೊಂದು ತೊಡಕೂ ಇದೆ: ಜರ್ಮನಿಯಿಂದ ಲಂಡನ್‌ಗೆ ಹೋಗಿ ಮತ್ತೆ ಜರ್ಮನಿಗೆ ಬರುವುದಾದರೆ ಷೆಂಗೆನ್ ವೀಸಾ ಎರಡು ಅಥವಾ ಹೆಚ್ಚು ಪ್ರವೇಶದ್ದಾಗಿರಬೇಕು. ಒಂದೇ ಪ್ರವೇಶದ ವೀಸಾ ಇದ್ದರೆ ಲಂಡನ್ನನ್ನು ಕೊನೆಗಿಟ್ಟುಕೊಂಡು ಅಲ್ಲಿಂದಲೇ ಊರಿಗೆ ಹೊರಡಿ.

ತಪ್ಪು ಕಲ್ಪನೆ: ಐಟಿ ರಿಟರ್ನ್ಸ್ ಇಲ್ಲದ ರೈತರಿಗೆ ವೀಸಾ ಸಿಗುವುದಿಲ್ಲ, ಖಾತೆಗೆ ಒಂದಿಷ್ಟು ಲಕ್ಷ ಹಾಕಿಸಿ ತೋರಿಸಬೇಕು.
ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ರಿಟರ್ನ್ಸ್ ಇಲ್ಲದಿರುವುದು ತಪ್ಪಲ್ಲ, ಆ ಸಂಗತಿಯನ್ನು ಒಂದು ಪತ್ರದಲ್ಲಿ ವಿವರಿಸಬೇಕು ಅಷ್ಟೆ. ಪಾಸ್‌ಬುಕ್ಕಿನ ಒಂದು ಪುಟ ನೋಡಿ: ತಿಂಗಳುಗಟ್ಟಲೆ ಸಾವಿರ, ಎರಡು ಸಾವಿರದ ಓಡಾಟ, ಬೇಸಿಗೆಗೆ ಮುಂಚೆ ಒಮ್ಮೆಲೇ ನಾಲ್ಕೈದು ಲಕ್ಷ ಜಮೆ. ಸಂಬಳದವರ ಲೆಕ್ಕ ನೋಡಿ ರೂಢಿಯಾದ ಅಧಿಕಾರಿಗೆ ಅದು ಸಾಲ ತಂದು ಹಾಕಿದಂತೆ ಕಾಣಬಹುದು. ಅದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ಹಣ ಎಂದು ಹೇಳಲು ದಲಾಲಿ ಅಂಗಡಿಯ ಪಟ್ಟಿ ಇದೆಯಲ್ಲ, ಅದನ್ನೇ ಲಗತ್ತಿಸಿ. ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸಿ ಜೊತೆಗಿಡಿ. ಹೊಲ, ಮನೆ ಊರಲ್ಲಿದೆ ಎಂಬುದೇ ನೀವು ಮರಳಿ ಬರುತ್ತೀರಿ ಎಂಬುದಕ್ಕೆ ಬಲವಾದ ಆಧಾರ. ಖರ್ಚು ಮಗನದೇ ಆದರೆ ಜರ್ಮನಿಯಲ್ಲಿ ಅವನು ತಾನಿರುವ ಊರಿನ ವಿದೇಶಿಯರ ಕಚೇರಿಯಲ್ಲಿ ಹೊಣೆಗಾರಿಕೆಯ ಪತ್ರ ಮಾಡಿಸಿ ಕಳಿಸಬಹುದು. ನಾಲ್ಕು ದಿನಕ್ಕೆಂದು ಬಡ್ಡಿಗೆ ತಂದು ಹಾಕಿದ ದುಡ್ಡು ಮಾತ್ರ ಬೇಡವೇ ಬೇಡ, ಅದೇ ಅನುಮಾನಕ್ಕೆ ಕಾರಣವಾಗುತ್ತದೆ.

ತಪ್ಪು ಕಲ್ಪನೆ: ವಿಮಾನದ ಟಿಕೆಟ್ ಮೊದಲೇ ಕೊಂಡಿರಬೇಕು.
ಕಾಯ್ದಿರಿಸಿದ ವಿವರ ಸಾಕು. ವೀಸಾ ಬರುವವರೆಗೆ ಹಣ ಮರಳದ ಟಿಕೆಟ್ ಕೊಳ್ಳಬೇಡಿ. ಪ್ರವಾಸದ ವೈದ್ಯಕೀಯ ವಿಮೆ ಮಾತ್ರ ಕಡ್ಡಾಯ, ಕನಿಷ್ಠ 30,000 ಯೂರೋ ಮೊತ್ತದ್ದು.

ತಪ್ಪು ಕಲ್ಪನೆ: ಏಜೆಂಟರೇ ಎಲ್ಲ ಮುಗಿಸುತ್ತಾರೆ, ನಾವು ಹೋಗಬೇಕಿಲ್ಲ.
ಮೊದಲ ಸಲದವರು ಬೆರಳಚ್ಚು ಕೊಡಲು ಖುದ್ದಾಗಿ ಹೋಗಲೇಬೇಕು. ಬಳ್ಳಾರಿಯವರು ಸಾಮಾನ್ಯವಾಗಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಹೋಗುತ್ತಾರೆ. ವರ್ಷಗಟ್ಟಲೆ ಹೊಲದಲ್ಲಿ ದುಡಿದ ಕೈಯ ರೇಖೆ ಸವೆದಿರುತ್ತದೆ, ಯಂತ್ರ ಮತ್ತೆ ಮತ್ತೆ ಕೇಳುತ್ತದೆ. ಗಾಬರಿ ಬೇಡ, ಎಷ್ಟು ಬೆರಳು ಸಿಗುತ್ತವೋ ಅಷ್ಟು ತೆಗೆದುಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚಿಲ್ಲ. ಒಮ್ಮೆ ಕೊಟ್ಟದ್ದನ್ನು 59 ತಿಂಗಳವರೆಗೆ ಮತ್ತೆ ಬಳಸಿಕೊಳ್ಳಬಹುದು.

ತಪ್ಪು ಕಲ್ಪನೆ: ಹದಿನೈದು ದಿನ ಮುಂಚೆ ಹಾಕಿದರೆ ಸಾಕು.
15 ದಿನ ಎಂಬುದು ಕೊನೆಯ ಗಡುವು. ಆರು ತಿಂಗಳು ಮೊದಲೇ ಹಾಕಬಹುದು. ತೀರ್ಮಾನಕ್ಕೆ 45 ದಿನದವರೆಗೂ ಹಿಡಿಯಬಹುದು. ಬೇಸಿಗೆಯ ನೂಕುನುಗ್ಗಲಲ್ಲಿ ಕೇಂದ್ರದಲ್ಲಿ ದಿನ ಸಿಗುವುದೇ ಕಷ್ಟ.

ತಪ್ಪು ಕಲ್ಪನೆ: ಒಮ್ಮೆ ತಿರಸ್ಕರಿಸಿದರೆ ಮುಂದೆಂದೂ ಸಿಗದು.
ತಿರಸ್ಕಾರದ ಪತ್ರದಲ್ಲಿ ಕಾರಣ ಗುರುತು ಮಾಡಿರುತ್ತಾರೆ. ಆ ಕೊರತೆ ತುಂಬಿ ಮತ್ತೆ ಅರ್ಜಿ ಹಾಕಬಹುದು. ಆದರೆ ದೊಡ್ಡವರಿಗೆ 90 ಯೂರೋ ಶುಲ್ಕ ಮತ್ತೆ ಕಟ್ಟಬೇಕು, ಹಿಂದಿನದು ವಾಪಸ್ ಬರುವುದಿಲ್ಲ. ಬ್ರಿಟನ್‌ನ ಅರ್ಜಿಯಲ್ಲಿ ಯಾವುದಾದರೂ ದೇಶ ವೀಸಾ ನಿರಾಕರಿಸಿತ್ತೇ ಎಂಬ ಪ್ರಶ್ನೆ ಇದೆ. ನಿರಾಕರಿಸಿದ್ದರೆ ಹೌದು ಎಂದೇ ಬರೆಯಿರಿ. ಅಲ್ಲಿ ವಂಚನೆ ಸಾಬೀತಾದರೆ 10 ವರ್ಷ ಬಾಗಿಲು ಮುಚ್ಚುತ್ತದೆ.