ಮೂವತ್ತು ಕಾರ್ಡುಗಳ ಲೆಕ್ಕಾಚಾರ

ಇಸ್ಪೀಟಿನ ಕಟ್ಟಿನಲ್ಲಿ ಯಾವ ಎಲೆಗಳಿರಬೇಕೆಂದು ಆಡುವವರು ನಿರ್ಧರಿಸುವುದಿಲ್ಲ; ಎಲ್ಲರಿಗೂ ಅದೇ 52 ಎಲೆಗಳು. ಅಮೆರಿಕದ ಬ್ಲಿಝಾರ್ಡ್ ಕಂಪನಿ 2014ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ 'ಹಾರ್ತ್‌ಸ್ಟೋನ್' ಎಂಬ ಕಂಪ್ಯೂಟರ್ ಆಟದಲ್ಲಿ ಹಾಗಲ್ಲ. ಇಲ್ಲಿ ಸಾಮಾನ್ಯವಾಗಿ 30 ಕಾರ್ಡುಗಳ ಕಟ್ಟನ್ನು ಆಟಗಾರನೇ ಆರಿಸಿ ಜೋಡಿಸಿಕೊಳ್ಳಬೇಕು. ಹೊಸಬರು ಭಾರಿ ಬಲದ, ಅಪರೂಪದ ಕಾರ್ಡುಗಳಿಗೆ ಮರುಳಾಗಿ ಹಣ ಸುರಿಯುವುದುಂಟು. ಆದರೆ ಅವರಿಗೆ ಹೆಚ್ಚು ಒಗ್ಗುವುದು ಅಗ್ಗದ ಕಾರ್ಡುಗಳಿಂದಾದ ಆಕ್ರಮಣಕಾರಿ ಕಟ್ಟು. ಇದೇಕೆ ಹೀಗೆ? ಪಿಯುಸಿ ತರಗತಿಯ ಗಣಿತದಿಂದಲೇ ಇದನ್ನು ಅರಿಯಬಹುದು.

ಆಟದ ನಿಯಮಗಳು

ಇಬ್ಬರು ಆಟಗಾರರು, ಇಬ್ಬರ ನಾಯಕರಿಗೂ ತಲಾ 30 ಅಂಶ ಆಯುಷ್ಯ. ಎದುರಾಳಿ ನಾಯಕನ ಆಯುಷ್ಯವನ್ನು ಸೊನ್ನೆಗೆ ಇಳಿಸಿದವರು ಗೆದ್ದಂತೆ. ಕಾರ್ಡು ಆಡಲು 'ಮಾನಾ' ಎಂಬ ಬೆಲೆ ತೆರಬೇಕು. ಮೊದಲ ಸರದಿಯಲ್ಲಿ 1 ಮಾನಾ, ಎರಡನೆಯದರಲ್ಲಿ 2, ಹೀಗೆ ಹೆಚ್ಚುತ್ತಾ 10ಕ್ಕೆ ನಿಲ್ಲುತ್ತದೆ. ಉಳಿದ ಮಾನಾ ಮುಂದಿನ ಸರದಿಗೆ ಬರುವುದಿಲ್ಲ. ಮೊದಲು ಆಡುವವರಿಗೆ ಆರಂಭದಲ್ಲಿ 3 ಕಾರ್ಡು; ಬಳಿಕ ಪ್ರತಿ ಸರದಿಗೆ ಒಂದು. ಮೇಜಿಗಿಳಿಸಿದ ಅನುಚರ ಸಾಮಾನ್ಯವಾಗಿ ತನ್ನ ಒಡೆಯನ ಮುಂದಿನ ಸರದಿಯಿಂದ ದಾಳಿ ಮಾಡಬಲ್ಲ.

ಬೇಗ ಇಳಿಸಿದರೆ ಏನು ಲಾಭ?

t ಎಂಬ ಸರದಿಯಲ್ಲಿ ಇಳಿದ, a ದಾಳಿಬಲದ ಅನುಚರ T ಸರದಿಯವರೆಗೆ ಬದುಕಿದ್ದರೆ, ಅವನು ಮಾಡುವ ಒಟ್ಟು ಹಾನಿ a(T – t). ಮೊದಲ ಮೂರು ಸರದಿಗಳಲ್ಲಿ ಕ್ರಮವಾಗಿ 2, 3, 3 ದಾಳಿಬಲದ ಅನುಚರರನ್ನು ಇಳಿಸಿದೆವೆಂದುಕೊಳ್ಳೋಣ. ಆರನೆಯ ಸರದಿಯ ಹೊತ್ತಿಗೆ ಒಟ್ಟು ಹಾನಿ 2×5 + 3×4 + 3×3 = 31. ಎದುರಾಳಿಯ 30 ಅಂಶ ಮುಗಿದೇ ಹೋಯಿತು! ಎದುರಾಳಿ ಕೈಕಟ್ಟಿ ಕೂರುವುದಿಲ್ಲವಾದ್ದರಿಂದ ಇದು ಘರ್ಷಣೆಯಿಲ್ಲದ ಮೇಲ್ಮೈಯಂತೆ ಒಂದು ಆದರ್ಶ ಸ್ಥಿತಿ ಮಾತ್ರ. ಆದರೂ ಒಂದು ತತ್ವ ಸ್ಪಷ್ಟವಾಗುತ್ತದೆ: ಕಾರ್ಡಿನ ಬಲದಷ್ಟೇ ಅದು ಕೆಲಸ ಮಾಡುವ ಕಾಲವೂ ಮುಖ್ಯ.

ಬೇಕಾದ ಕಾರ್ಡು ಕೈಗೆ ಬಂದೀತೆ?

ಮೊದಲ ಸರದಿಯಲ್ಲೇ ಆಡಬೇಕಾದರೆ 1 ಮಾನಾ ಬೆಲೆಯ ಕಾರ್ಡು ಕೈಯಲ್ಲಿರಬೇಕು. ಆಗ ನಮಗೆ ಸಿಕ್ಕಿರುವುದು 3 + 1 = 4 ಕಾರ್ಡು. ಕಟ್ಟಿನಲ್ಲಿ ಅಂಥ ಕಾರ್ಡು 2 ಮಾತ್ರ ಇದ್ದರೆ, ನಾಲ್ಕರಲ್ಲಿ ಒಂದೂ ಬಾರದಿರುವ ಸಂಭವನೀಯತೆ ಸುಮಾರು 0.75. ಅಂದರೆ ನಾಲ್ಕು ಆಟಗಳಲ್ಲಿ ಮೂರರಲ್ಲಿ ನಿರಾಸೆ. ಅಂಥವು 8 ಇದ್ದರೆ?

(22 × 21 × 20 × 19) ÷ (30 × 29 × 28 × 27) = 0.267

ಎಂದರೆ ಒಂದಾದರೂ ಸಿಗುವ ಸಂಭವನೀಯತೆ ಶೇ. 73. ಇದರ ಜೊತೆಗೆ ಇನ್ನೊಂದು ಸೌಲಭ್ಯವಿದೆ. ಆರಂಭದ ಕಾರ್ಡುಗಳಲ್ಲಿ ಬೇಡವಾದವನ್ನು ಒಮ್ಮೆ ಬದಲಿಸಿಕೊಳ್ಳಬಹುದು. ಕೊಟ್ಟ ಕಾರ್ಡುಗಳೇ ಆ ಬದಲಾವಣೆಯಲ್ಲಿ ಮರಳಿ ಬರುವುದಿಲ್ಲ. ಮೂರರಲ್ಲಿ ಒಂದೂ ಬೇಕಾದದ್ದು ಇಲ್ಲದಾಗ ಮೂರನ್ನೂ ಬದಲಿಸಿದರೆ, ಮೂರು ಹಂತಗಳಲ್ಲೂ ನಿರಾಸೆಯಾಗುವ ಸಂಭವನೀಯತೆ 0.379 × 0.331 × 0.704 = 0.088. ಯಶಸ್ಸು ಈಗ ಶೇ. 91! ದುಬಾರಿ ಕಾರ್ಡು 'ಮುಂದೆ ಬೇಕಾದೀತು' ಎಂದು ಹಿಡಿದಿಟ್ಟುಕೊಳ್ಳುವ ಹೊಸಬರು ಕಳೆದುಕೊಳ್ಳುವುದು ಇದನ್ನೇ.

ನಾಯಕನಿಗೆ ಹೊಡೆಯಬೇಕೆ, ಅನುಚರನಿಗೆ ಹೊಡೆಯಬೇಕೆ?

ಆಕ್ರಮಣವೆಂದರೆ ಕಣ್ಣುಮುಚ್ಚಿ ನುಗ್ಗುವುದಲ್ಲ. ಪ್ರತಿ ಸರದಿಯಲ್ಲೂ ಎರಡು ಭಾಗಾಕಾರ ಮಾಡಬೇಕು. ಎದುರಾಳಿಯ ಆಯುಷ್ಯ 14, ನಮ್ಮ ಅನುಚರರ ದಾಳಿಬಲ 5 ಎನ್ನೋಣ. 'ಹಂಟರ್' ನಾಯಕನಾದರೆ 2 ಮಾನಾ ವ್ಯಯಿಸಿ ಇನ್ನೂ 2 ಅಂಶ ಹೊಡೆಯಬಲ್ಲ. ಒಟ್ಟು 7, ಎರಡು ಸರದಿ ಸಾಕು. ನಮ್ಮ ಆಯುಷ್ಯ 15, ಅವರ ದಾಳಿಬಲ 6 ಆದರೆ ಅವರಿಗೆ ಮೂರು ಸರದಿ ಬೇಕು. ಓಟದಲ್ಲಿ ನಾವು ಮುಂದಿದ್ದೇವೆ, ಆದ್ದರಿಂದ ನಾಯಕನಿಗೇ ಹೊಡೆಯಬೇಕು. ಸಂಖ್ಯೆಗಳು ತಿರುವುಮುರುವಾಗಿದ್ದರೆ ಮೊದಲು ಅವರ ಅನುಚರರನ್ನು ತೆಗೆಯುವುದು ಜಾಣತನ. 'ಟಾಂಟ್' ಗುಣದ ಅನುಚರ ಅಡ್ಡನಿಂತರೆ ನಮ್ಮ ಅನುಚರರು ಮೊದಲು ಅವನನ್ನು ದಾಟಲೇಬೇಕು. ಸರದಿ ಕಳೆದಂತೆ ಈ ಸಂಖ್ಯೆಗಳು ಬದಲಾಗುವುದರಿಂದ ಲೆಕ್ಕವನ್ನು ಪ್ರತಿ ಬಾರಿಯೂ ಹೊಸದಾಗಿ ಮಾಡಬೇಕು.

ಇದರ ಮಿತಿ

ಆರನೆಯ ಸರದಿಯವರೆಗೆ ದೊರೆಯುವ ಮಾನಾ 1+2+3+4+5+6 = 21; ಕಾರ್ಡು 3 + 6 = 9. ಕಾರ್ಡಿನ ಸರಾಸರಿ ಬೆಲೆ 2 ಆದರೆ ಒಂಬತ್ತಕ್ಕೂ 18 ಮಾನಾ ಸಾಕು, ಕೈ ಬರಿದಾಗುತ್ತದೆ. ಸರಾಸರಿ 4 ಆದರೆ 36 ಬೇಕು. ಅಂಥ ಎದುರಾಳಿಯ ಕೈಯಲ್ಲಿ ಕಾರ್ಡು ಇನ್ನೂ ಉಳಿದಿರುತ್ತದೆ. ಭೌತವಿಜ್ಞಾನದ ಮಾತಿನಲ್ಲಿ, ಆಕ್ರಮಣಕಾರಿ ಕಟ್ಟಿನ ಸಾಮರ್ಥ್ಯ ಹೆಚ್ಚು, ಒಟ್ಟು ಶಕ್ತಿ ಕಡಿಮೆ. ಕೈ ಬರಿದಾಗುವ ಹೊತ್ತಿಗೆ ಎದುರಾಳಿಯನ್ನು ಸೋಲಿನ ಅಂಚಿಗೆ ತಳ್ಳಿರದಿದ್ದರೆ ಗೆಲುವು ಕಷ್ಟ. ಹಾಗೆಂದು ಎಲ್ಲ ಅನುಚರರನ್ನೂ ಒಮ್ಮೆಲೇ ಇಳಿಸುವುದೂ ಅಪಾಯ. 2014ರ ಆಟದಲ್ಲಿ 4 ಮಾನಾ ಬೆಲೆಯ 'ಕಾನ್ಸಿಕ್ರೇಷನ್' ಎಂಬ ಒಂದೇ ಕಾರ್ಡು ಎದುರಿನ ಎಲ್ಲರಿಗೂ 2 ಅಂಶ ಹಾನಿ ಮಾಡಿ, ಸಣ್ಣ ಅನುಚರರನ್ನು ಗುಡಿಸಿಹಾಕುತ್ತಿತ್ತು.

ಜೇಬಿನ ಲೆಕ್ಕ

ಆಟದೊಳಗಿನ 'ಧೂಳು' ಕೊಟ್ಟು ಬೇಕಾದ ಕಾರ್ಡು ತಯಾರಿಸಿಕೊಳ್ಳಬಹುದು. ಸಾಮಾನ್ಯ ಕಾರ್ಡಿಗೆ 40, ಅತ್ಯಪರೂಪದ 'ಲೆಜೆಂಡರಿ' ಕಾರ್ಡಿಗೆ 1600. ಮೂವತ್ತೂ ಸಾಮಾನ್ಯ ಕಾರ್ಡುಗಳಾದ ಇಡೀ ಕಟ್ಟಿಗೆ ಬೇಕಾಗುವುದು 1200. ಅದು ಒಂದು ಲೆಜೆಂಡರಿಗಿಂತ ಕಡಿಮೆ! ಮೊಬೈಲ್‌ನಲ್ಲಿ ಕಾರ್ಡು ಕೊಳ್ಳಲು ಮನೆಯವರ ಹಣ ಕೇಳುವ ವಿದ್ಯಾರ್ಥಿಗೆ ಬುದ್ಧಿವಾದಕ್ಕಿಂತ ಈ ಹೋಲಿಕೆ ಚೆನ್ನಾಗಿ ನಾಟೀತು.

ನೀವೇ ಮಾಡಿ ನೋಡಿ

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಒಂದೇ ಅಳತೆಯ 30 ರಟ್ಟಿನ ತುಂಡುಗಳನ್ನು ಕತ್ತರಿಸಿ, 8ರ ಮೇಲೆ ಗುರುತು ಹಾಕಿ. ಚೆನ್ನಾಗಿ ಕಲಸಿ 4 ತುಂಡು ತೆಗೆಯಿರಿ. ಗುರುತಿನದು ಬಂತೇ ಎಂದು ಬರೆದಿಟ್ಟು ಎಲ್ಲವನ್ನೂ ಮತ್ತೆ ಸೇರಿಸಿ. ತರಗತಿಯ ಪ್ರತಿ ವಿದ್ಯಾರ್ಥಿಯೂ ಹತ್ತು ಬಾರಿ ಹೀಗೆ ಮಾಡಲಿ. ಒಬ್ಬೊಬ್ಬರ ಫಲಿತಾಂಶ ಬೇರೆ ಬೇರೆಯಾಗಿದ್ದರೂ, ಎಲ್ಲವನ್ನೂ ಕೂಡಿಸಿದಾಗ ಅದು ಶೇ. 73ರ ಸಮೀಪಕ್ಕೆ ಬರುವುದನ್ನು ಕಾಣುವಿರಿ. ಒಂದು ಆಟದ ಸೋಲಿಗೆ ಅದೃಷ್ಟವನ್ನು ದೂರಬಹುದು. ನೂರು ಆಟಗಳ ಸೋಲಿಗೆ ಕಟ್ಟನ್ನೂ ಆಡಿದ ರೀತಿಯನ್ನೂ ಪರೀಕ್ಷಿಸಬೇಕು.