ಶಾರ್ಕೊ-ಮಾರಿ-ಟೂತ್ ರೋಗದಲ್ಲಿ ಚಲನಸಾಮರ್ಥ್ಯದ ಮಾಪನ

ಶಾರ್ಕೊ-ಮಾರಿ-ಟೂತ್ ರೋಗವು ಕೈಕಾಲುಗಳ ನರಗಳನ್ನು ಕ್ರಮೇಣ ಕ್ಷೀಣಿಸುವ ಆನುವಂಶಿಕ ರೋಗ. ಸಂಕ್ಷೇಪವಾಗಿ ಇದನ್ನು ಸಿ.ಎಂ.ಟಿ. ಎನ್ನುತ್ತಾರೆ. ಸುಮಾರು 2500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ಅಂದಾಜಿಸಲಾಗಿದೆ. ರೋಗಿಯ ನಡಿಗೆ, ಹಿಡಿತ ಮತ್ತು ಸ್ನಾಯುಬಲ ಎಷ್ಟರಮಟ್ಟಿಗೆ ಕುಂದಿವೆ ಎಂಬುದನ್ನು ಅಂಕಿಗಳಲ್ಲಿ ದಾಖಲಿಸುವುದೇ ಚಲನಸಾಮರ್ಥ್ಯದ ಮಾಪನ.

ಹಿನ್ನೆಲೆ

1886ರಲ್ಲಿ ಫ್ರಾನ್ಸಿನ ಜಾನ್ ಮಾರ್ತೆನ್ ಶಾರ್ಕೊ ಮತ್ತು ಪಿಯೇರ್ ಮಾರಿ ಹಾಗೂ ಇಂಗ್ಲೆಂಡಿನ ಹೋವರ್ಡ್ ಹೆನ್ರಿ ಟೂತ್ ಈ ರೋಗವನ್ನು ವಿವರಿಸಿದರು. ಸಾಮಾನ್ಯವಾಗಿ ಪಾದ ಮತ್ತು ಕಣಕಾಲಿನ ಸ್ನಾಯುಗಳು ಮೊದಲು ಸೊರಗುತ್ತವೆ. ಪಾದದ ಕಮಾನು ಎತ್ತರವಾಗುತ್ತದೆ, ನಡೆಯುವಾಗ ಕಾಲ್ಬೆರಳು ನೆಲಕ್ಕೆ ಎಡವುತ್ತದೆ. ಅನಂತರ ಕೈಬೆರಳುಗಳ ಸರದಿ. ಗುಂಡಿ ಹಾಕುವುದು, ಬರೆಯುವುದು ಕಷ್ಟವಾಗುತ್ತವೆ.

ಮಾಪನ ವಿಧಾನಗಳು

ಸ್ನಾಯುಬಲ: ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾನದಂಡದಲ್ಲಿ 0ಯಿಂದ 5ರವರೆಗೆ ಶ್ರೇಣಿಗಳಿವೆ. ಸ್ನಾಯು ಸ್ವಲ್ಪವೂ ಸಂಕುಚಿಸದಿದ್ದರೆ 0. ಗುರುತ್ವವನ್ನು ಮೀರಿ ಅಂಗವನ್ನು ಎತ್ತಬಲ್ಲದಾದರೆ 3. ಪೂರ್ಣ ಬಲವಿದ್ದರೆ 5. ನಾಲ್ಕನೆಯ ಶ್ರೇಣಿಯ ವ್ಯಾಪ್ತಿ ಬಹಳ ದೊಡ್ಡದಾದುದರಿಂದ ಸಣ್ಣ ಬದಲಾವಣೆಗಳು ಅದರಲ್ಲಿ ತಿಳಿಯುವುದಿಲ್ಲ. ಬಲಮಾಪಕವೆಂಬ ಕೈಸಾಧನ ಬಳಸಿದರೆ ನಿಖರ ಅಂಕಿ ದೊರೆಯುತ್ತದೆ.

ಕಾರ್ಯಪರೀಕ್ಷೆಗಳು: ಹತ್ತು ಮೀಟರ್ ನಡೆಯಲು ಹಿಡಿಯುವ ಸಮಯ, ಆರು ನಿಮಿಷಗಳಲ್ಲಿ ಕ್ರಮಿಸುವ ದೂರ, ಒಂಬತ್ತು ರಂಧ್ರಗಳಿಗೆ ಕಡ್ಡಿಗಳನ್ನು ಸೇರಿಸಿ ತೆಗೆಯಲು ಬೇಕಾಗುವ ಸೆಕೆಂಡುಗಳು ಇತ್ಯಾದಿ.

ನರಗಳ ವಿದ್ಯುತ್ ಪರೀಕ್ಷೆ: ಸಿ.ಎಂ.ಟಿ.ಯ ಮೊದಲ ಬಗೆಯಲ್ಲಿ ಕೈಯ ಚಾಲಕ ನರದ ಸಂಕೇತವೇಗವು ಸೆಕೆಂಡಿಗೆ 38 ಮೀಟರಿಗಿಂತ ಕಡಿಮೆಯಿರುತ್ತದೆ. ರೋಗದ ಬಗೆಯನ್ನು ಗುರುತಿಸಲು ಇದು ಉಪಯುಕ್ತ. ಆದರೆ ವೇಗ ಬಾಲ್ಯದಿಂದಲೇ ಕಡಿಮೆಯಿದ್ದು ಹೆಚ್ಚು ಬದಲಾಗದ ಕಾರಣ, ರೋಗಿಯ ದೌರ್ಬಲ್ಯ ಹೆಚ್ಚಿತೇ ಎಂಬುದನ್ನು ಅದು ಹೇಳದು. ದೌರ್ಬಲ್ಯಕ್ಕೆ ಹತ್ತಿರದ ಸಂಬಂಧವಿರುವುದು ನರತಂತುಗಳ ನಾಶಕ್ಕೆ. ಅದು ಸಂಕೇತದ ಎತ್ತರ ಕುಗ್ಗುವುದರಿಂದ ತಿಳಿಯುತ್ತದೆ.

ಸಂಯುಕ್ತ ಅಂಕಗಳು

ಸಿ.ಎಂ.ಟಿ. ನರರೋಗ ಅಂಕದಲ್ಲಿ ಒಂಬತ್ತು ಅಂಶಗಳಿದ್ದು ಒಟ್ಟು ಅಂಕ 0ಯಿಂದ 36. ಹತ್ತರವರೆಗೆ ಸೌಮ್ಯ, 11ರಿಂದ 20 ಮಧ್ಯಮ, ಅದಕ್ಕೂ ಮೇಲೆ ತೀವ್ರವೆಂದು ಪರಿಗಣಿಸುತ್ತಾರೆ. ಲಕ್ಷಣಗಳು, ದೈಹಿಕ ಪರೀಕ್ಷೆ ಮತ್ತು ವಿದ್ಯುತ್ ಪರೀಕ್ಷೆ ಮೂರೂ ಇದರಲ್ಲಿ ಸೇರಿವೆ. ಮೂರರಿಂದ ಇಪ್ಪತ್ತು ವರ್ಷ ವಯಸ್ಸಿನವರಿಗೆ 11 ಅಂಶಗಳ, ಒಟ್ಟು 44 ಅಂಕಗಳ ಪ್ರತ್ಯೇಕ ಮಾಪಕವಿದೆ. ಸಮತೋಲನ, ಉದ್ದಜಿಗಿತಗಳೂ ಅದರಲ್ಲಿವೆ.

ಮಹತ್ವ ಮತ್ತು ಮಿತಿ

ಈ ರೋಗ ದಶಕಗಳಲ್ಲಿ ಬೆಳೆಯುತ್ತದೆ. ಔಷಧ ಪ್ರಯೋಗಗಳು ಒಂದೆರಡು ವರ್ಷಗಳಲ್ಲಿ ಮುಗಿಯುತ್ತವೆ. ಇಲಿಗಳಲ್ಲಿ ಗುಣ ತೋರಿದ್ದ ಸಿ ಜೀವಸತ್ವವನ್ನು ರೋಗಿಗಳಿಗೆ ಎರಡು ವರ್ಷ ಕೊಟ್ಟು ನೋಡಿದ ಯುರೋಪಿನ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಪ್ರಯೋಜನ ಕಂಡುಬರಲಿಲ್ಲ. ಔಷಧರಹಿತ ಗುಂಪಿನವರ ಅಂಕಗಳೂ ಆ ಅವಧಿಯಲ್ಲಿ ಅಲ್ಪವಾಗಿಯೇ ಬದಲಾಗಿದ್ದವು. ಅಳತೆಗೋಲು ಒರಟಾಗಿದ್ದರೆ ನಿಜವಾಗಿ ಗುಣಕಾರಿಯಾದ ಔಷಧವೂ ನಿಷ್ಫಲವೆಂದು ತೋರಬಹುದು. ಆದುದರಿಂದ ಕಾಲಿನ ಸ್ನಾಯುಗಳಲ್ಲಿ ಸೇರುವ ಕೊಬ್ಬಿನ ಪ್ರಮಾಣವನ್ನು ಎಂ.ಆರ್.ಐ. ಚಿತ್ರಗಳಿಂದ ಅಳೆಯುವ ಸೂಕ್ಷ್ಮ ವಿಧಾನವೂ ಬಳಕೆಗೆ ಬಂದಿದೆ. ಆದರೂ ಚಿತ್ರದಲ್ಲಿ ಕಂಡ ಸುಧಾರಣೆ ರೋಗಿಯ ನಡಿಗೆಯಲ್ಲಿ ಕಾಣಬೇಕಾದುದರಿಂದ, ಕಾರ್ಯಪರೀಕ್ಷೆಗಳ ಅಗತ್ಯ ಉಳಿದೇ ಇದೆ.