ಹೋದ ಕರೆಂಟ್ ಬಂದಾಗ ಗರಗಸ ತಾನಾಗಿ ತಿರುಗಬಾರದು

ತರೀಕೆರೆ ಕಡೆ ಜೇನುಪೆಟ್ಟಿಗೆ, ಗೇಟು, ಹಲಗೆ ಕೆಲಸಕ್ಕೆ ತೋಟದ ಶೆಡ್ಡಿನಲ್ಲೇ ಟೇಬಲ್ ಗರಗಸ ಇಟ್ಟುಕೊಂಡವರು ಇದ್ದೀವಿ. ನನ್ನ ಗರಗಸಕ್ಕೆ ನಾನು ಮೊದಲು ಬದಲಿಸಿದ್ದು ಸ್ವಿಚ್ಚು.

ಕೊಯ್ಯುವಾಗ ಕರೆಂಟ್ ಹೋಗುತ್ತೆ. ಸ್ವಿಚ್ ಆನ್‌ನಲ್ಲೇ ಇರುತ್ತೆ. ಸಿಕ್ಕಿಕೊಂಡ ಹಲಗೆ ಬಿಡಿಸೋಕೆ ಕೈ ಹಾಕಿದಾಗ ಕರೆಂಟ್ ಬಂದರೆ ಬೆರಳು ಹೋದಂತೆಯೇ. ಪಂಪ್‌ಸೆಟ್ ಸ್ಟಾರ್ಟರಿನ ನೋವೋಲ್ಟ್ ಕಾಯಿಲ್ ಗೊತ್ತಲ್ಲ? ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತೆ. ಹಸಿರು ಗುಂಡಿ ಒತ್ತದೆ ಮೋಟಾರ್ ಮತ್ತೆ ಶುರುವಾಗಲ್ಲ. ಗರಗಸಕ್ಕೂ ಅಂಥದ್ದೇ ಸ್ವಿಚ್ಚನ್ನು, ಮೋಟಾರಿನ ಎಚ್‌ಪಿಗೆ ತಕ್ಕಂತೆ, ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ, ಅರ್ಥಿಂಗೂ ಕೊಡಿಸಿ. ಪಂಪಿಗೆ ಹಾಕುವ ಆಟೋ ಸ್ಟಾರ್ಟರ್ ಇಲ್ಲಿ ಬೇಡವೇ ಬೇಡ. ಕೆಂಪು ಗುಂಡಿ ಮೊಣಕಾಲಿಗೆ ಎಟಕುವಂತಿದ್ದರೆ ಎರಡೂ ಕೈ ಹಲಗೆ ಮೇಲಿದ್ದಾಗಲೂ ನಿಲ್ಲಿಸಬಹುದು.

ಎರಡನೆಯದು, ಬ್ಲೇಡಿನ ಹಿಂದೆಯೇ ನಿಲ್ಲುವ ಉಕ್ಕಿನ ತಗಡು. ಹಸಿ ಮರದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಹಲಗೆ ನಮ್ಮ ಹೊಟ್ಟೆಗೇ ಹಾರುತ್ತೆ. ತಗಡು ಸೀಳನ್ನು ತೆರೆದಿಡುತ್ತೆ. ಅದು ಬ್ಲೇಡಿನ ತಟ್ಟೆಗಿಂತ ತುಸು ದಪ್ಪ, ಸೀಳಿನ ಅಗಲಕ್ಕಿಂತ ತುಸು ತೆಳು ಇರಲಿ.

ಕೈ ಬ್ಲೇಡಿಗೆ 6 ಇಂಚಿಗಿಂತ ಹತ್ತಿರ ಹೋಗುವಂತಿದ್ದರೆ ತಳ್ಳೋಕೆ ಕೋಲು ಬಳಸಿ. ಗ್ಲೌಸ್ ಬೇಡ, ಹೆಗಲ ಟವೆಲ್ಲೂ ಬೇಡ. ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ಕಿತ್ತಿಡಿ.